ವಿ.ವಿ. ಪುರಂನಲ್ಲಿ ಏನು ತಿನ್ನಲಿ ಅಂದವರಿಗೆ

ಬೆಂಗಳೂರಿಗೆ ಹೊಸಬರು ಅಂದಿದ್ದೀರಿ. ವಿ.ವಿ. ಪುರಂನಲ್ಲಿ ಏನು ತಿನ್ನಬೇಕು, ಖಾರಾ ಬನ್ ಮನೆಯಲ್ಲಿ ಮಾಡಲು ಬರುತ್ತಾ, ನಾಲ್ಕು ಜನರ ಜೊತೆ ಅಡುಗೆ ಮಾಡುವ ಜಾಗ ಇದೆಯಾ ಅಂತ ಕೇಳಿದ್ದೀರಿ ಅಲ್ವಾ.

ವಿ.ವಿ. ಪುರಂನ ತಿಂಡಿ ಬೀದಿಗೆ ಸಂಜೆ ಹೋಗಿ, ಹಸಿದು ಹೋಗಿ. 1953ರಿಂದ ಇರುವ ವಿ.ಬಿ. ಬೇಕರಿಯಲ್ಲಿ ಖಾರಾ ಬನ್, ಕಾಂಗ್ರೆಸ್ ಕಡಲೆಬೀಜ (ಮಸಾಲೆ ಹಾಕಿದ ಹುರಿದ ಕಡಲೆಬೀಜ) ತಗೊಳ್ಳಿ. ಆಮೇಲೆ ತುಪ್ಪ ಸುರಿದ ಬಿಸಿ ಹೋಳಿಗೆ. ಚೈನೀಸ್ ಗಾಡಿಗಳನ್ನು ನಾನಾದರೆ ಬಿಟ್ಟುಬಿಡುತ್ತೇನೆ, ಅದು ಎಲ್ಲ ಕಡೆ ಸಿಗುತ್ತದೆ. ಡಿಸೆಂಬರ್, ಜನವರಿ ಚಳಿಯಲ್ಲಾದರೆ ಸೊಗಡಿನ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅವರೆಬೇಳೆ ದೋಸೆ ಬಿಡಬೇಡಿ.

ಖಾರಾ ಬನ್ ಮನೆಯಲ್ಲೂ ಖಂಡಿತ ಬರುತ್ತದೆ. ಅಯ್ಯಂಗಾರ್ ಬೇಕರಿ ಪದ್ಧತಿಯಲ್ಲಿ ಮೊಟ್ಟೆ ಇಲ್ಲ, ಆ ಚಿಂತೆ ಬೇಡ. ಮೈದಾ, ಈಸ್ಟ್, ಸ್ವಲ್ಪ ಸಕ್ಕರೆ, ಉಪ್ಪು, ಬೆಣ್ಣೆ ಹಾಕಿ ಚೆನ್ನಾಗಿ ನಾದಿ. ಹಿಟ್ಟು ಎರಡರಷ್ಟು ಉಬ್ಬಿದ ಮೇಲೆಯೇ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಸೇರಿಸಿ. ಈರುಳ್ಳಿ ಉಪ್ಪಿನ ಜೊತೆ ನೀರು ಬಿಡುತ್ತದೆ, ಮೊದಲೇ ಹಾಕಿದರೆ ಹಿಟ್ಟು ಕೈಗೆ ಅಂಟುತ್ತದೆ. ಉಂಡೆ ಮಾಡಿ ಇನ್ನೊಮ್ಮೆ ಉಬ್ಬಲು ಬಿಡಿ. ಈ ಹಂತದಲ್ಲಿ ಅವಸರ ಮಾಡಿದರೆ ಬನ್ ಗಟ್ಟಿ. ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 20 ನಿಮಿಷ ಸಾಕು, ಮೇಲೆ ಕೆಂಪಗಾದರೆ ತೆಗೆಯಿರಿ. ಬಿಸಿ ಇರುವಾಗಲೇ ಬೆಣ್ಣೆ ಸವರಿ.

ಜೊತೆಯಾಗಿ ಅಡುಗೆಗೆ ಹಲಸೂರು ಕೆರೆ ಹತ್ತಿರದ ಗುರುದ್ವಾರ ನೋಡಿ. ಅಲ್ಲಿನ ಲಂಗರ್, ಅಂದರೆ ಎಲ್ಲರಿಗೂ ಉಚಿತವಾಗಿ ಊಟ ಹಾಕುವ ಅಡುಗೆಮನೆಯಲ್ಲಿ ಯಾವ ಜಾತಿ, ಧರ್ಮದವರೂ ಸೇವೆ ಮಾಡಬಹುದು. ತಲೆಗೆ ಬಟ್ಟೆ ಕಟ್ಟಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಹೋಗಿ. ರೊಟ್ಟಿ ಲಟ್ಟಿಸಲು ಬರದಿದ್ದರೆ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಇದ್ದೇ ಇರುತ್ತದೆ.