ಆಟದಂಗಳ: ಗೋಲೇ ಬೀಳದ ಆಟವನ್ನು ಏಕೆ ನೋಡಬೇಕು?

ದೈಹಿಕ ಶಿಕ್ಷಣ ಶಿಕ್ಷಕರಾಗಿ ನಿವೃತ್ತರಾಗಿರುವ ದಾವಣಗೆರೆಯ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಷ್ಟ್ರೇ, ನಮ್ಮದು ಮೂರು ತಲೆಮಾರಿನಿಂದ ಗರಡಿಯ ನಂಟಿರುವ ಮನೆ. ದುಗ್ಗಮ್ಮನ ಜಾತ್ರೆಯ ಕುಸ್ತಿಯನ್ನು ನಾನು ಎಂದೂ ತಪ್ಪಿಸಿಕೊಂಡಿಲ್ಲ. ಕಬಡ್ಡಿ ಎಂದರೆ ಊಟ ಬಿಟ್ಟು ಕೂರುತ್ತೇನೆ. ಈಚೆಗೆ ಮೊಬೈಲಿನಲ್ಲಿ ರಗ್ಬಿ ನೋಡುವ ಗೀಳು ಹತ್ತಿದೆ. ಅದು ಗಂಡಸರ ಆಟ. ಪಿಯುಸಿ ಓದುವ ಮಗ ಮಾತ್ರ ನಡುರಾತ್ರಿ ಎದ್ದು ಕೂತು ಫುಟ್‌ಬಾಲ್ ನೋಡುತ್ತಾನೆ. ತೊಂಬತ್ತು ನಿಮಿಷ ಚೆಂಡನ್ನು ಅತ್ತ ಇತ್ತ ತಳ್ಳಾಡಿ ಕೊನೆಗೆ ಸೊನ್ನೆ–ಸೊನ್ನೆ. ಮೈಗೆ ಮೈ ತಾಗಿದರೆ ಸೀಟಿ. ಇಷ್ಟು ಸಪ್ಪೆ ಆಟ ಬೇರೆ ಇದೆಯೇ?
— ಓದುಗರು, ಹಳೇ ದಾವಣಗೆರೆ

ಉತ್ತರ: ಸಪ್ಪೆ ಎಂಬ ಮಾತು ಗರಡಿ ಮನೆಯಿಂದಲೇ ಬಂದದ್ದು ನನಗೆ ಸೋಜಿಗ. ನಿಮ್ಮ ಜಾತ್ರೆಯ ಕುಸ್ತಿಯನ್ನೇ ತೆಗೆದುಕೊಳ್ಳಿ. ದೊಡ್ಡ ಜೋಡಿ ಅಖಾಡಕ್ಕೆ ಇಳಿಯುತ್ತದೆ, ಹಲಗೆಯ ಬಡಿತ ಏರುತ್ತದೆ. ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು, ಒಬ್ಬರ ಕೊರಳ ಹಿಂದೆ ಇನ್ನೊಬ್ಬರು ಕೈ ಹಾಕಿ, ತಲೆಗೆ ತಲೆ ಕೊಟ್ಟು ನಿಲ್ಲುತ್ತಾರೆ. ನಿಂತೇ ಇರುತ್ತಾರೆ. ಬೆಂಗಳೂರಿನಿಂದ ಬಂದ ನೆಂಟ ಐದು ನಿಮಿಷಕ್ಕೆ ಆಕಳಿಸಿ, ಮಂಡಕ್ಕಿ–ಮೆಣಸಿನಕಾಯಿಯ ಅಂಗಡಿ ಹುಡುಕಿಕೊಂಡು ಹೋಗುತ್ತಾನೆ. ನೀವು ಕದಲುವುದಿಲ್ಲ. ನಿಮ್ಮ ಕಣ್ಣು ಪಾದಗಳ ಮೇಲಿದೆ. ಹೆಬ್ಬೆರಳು ಮಣ್ಣನ್ನು ಕಚ್ಚಿ ಹಿಡಿದಿದೆಯೇ, ಹಿಮ್ಮಡಿ ಎದ್ದಿತೇ, ಭಾರ ಬಲಗಾಲಿಗೆ ಜಾರಿತೇ? ಹಿಮ್ಮಡಿ ಎದ್ದ ಗಳಿಗೆಯಲ್ಲೇ ನೀವು ‘ಹೋಯಿತು’ ಎನ್ನುತ್ತೀರಿ. ನೆಂಟನಿಗೆ ಅದು ಗೊತ್ತಾಗುವುದು ಪೈಲ್ವಾನನ ಬೆನ್ನು ಮಣ್ಣಿಗೆ ಬಿದ್ದ ಮೇಲೆ.

ಫುಟ್‌ಬಾಲಿನ ಮುಂದೆ ಆ ನೆಂಟ ನೀವೇ.

ಒಂದು ರಾತ್ರಿ ಮಗನ ಪಕ್ಕದಲ್ಲಿ ಕೂತು, ಚೆಂಡನ್ನು ನೋಡುವುದು ಬಿಟ್ಟು ನಡುಮೈದಾನದ ಒಬ್ಬನೇ ಆಟಗಾರನನ್ನು ನೋಡಿ. ಚೆಂಡು ಇನ್ನೂ ಎಲ್ಲೋ ಇರುವಾಗಲೇ ಅವನು ಎಡಭುಜದ ಮೇಲಿಂದ ಒಮ್ಮೆ, ಬಲಭುಜದ ಮೇಲಿಂದ ಒಮ್ಮೆ ಹಿಂದಕ್ಕೆ ಕಣ್ಣು ಹಾಯಿಸುತ್ತಾನೆ. ಬೆನ್ನ ಹಿಂದೆ ಯಾರಿದ್ದಾರೆ, ಎಷ್ಟು ಜಾಗವಿದೆ ಎಂಬ ಲೆಕ್ಕ ಆಗಲೇ ಮುಗಿದಿರುತ್ತದೆ. ಚೆಂಡು ಬರುವ ಹೊತ್ತಿಗೆ ಮೈಯನ್ನು ಅರ್ಧ ತಿರುಗಿಸಿಕೊಂಡು ನಿಂತಿರುತ್ತಾನೆ, ದೂರದ ಕಾಲಿನಲ್ಲಿ ಚೆಂಡನ್ನು ತಡೆಯುತ್ತಾನೆ, ಎರಡನೆಯ ಸ್ಪರ್ಶಕ್ಕೆ ಚೆಂಡು ಹೊರಟುಹೋಗಿರುತ್ತದೆ. ಅವನನ್ನು ತಡೆಯಲೆಂದು ಎದುರಾಳಿಯೊಬ್ಬ ನಾಲ್ಕು ಹೆಜ್ಜೆ ಮುಂದೆ ಬಂದ ಎನ್ನಿ, ಅವನು ಬಿಟ್ಟುಬಂದ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಾನೆ. ಎದ್ದ ಹಿಮ್ಮಡಿ ಅದೇ. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಸಂಜೆ ಆಡುವ ಹುಡುಗರಲ್ಲಿ ಯಾರು ಮುಂದೆ ಬಂದಾರೆಂದು ಗುರುತಿಸಲು ನಾನು ಬಳಸುತ್ತಿದ್ದ ಗುಟ್ಟೂ ಇಷ್ಟೇ: ಚೆಂಡು ಸಿಗುವ ಮೊದಲು ಕತ್ತು ತಿರುಗಿಸುವ ಹುಡುಗ ಯಾರು? ಜೋರಾಗಿ ಒದೆಯುವವರು ಓಣಿಗೆ ಹತ್ತು ಜನ ಸಿಗುತ್ತಾರೆ.

ಇನ್ನು ಸೊನ್ನೆ–ಸೊನ್ನೆಯ ಮಾತು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್ ನಿಮಗೆ ನೆನಪಿಲ್ಲದಿದ್ದರೂ ಮಗನಿಗೆ ನೆನಪಿದ್ದೀತು. ನಮ್ಮ ಬೆಂಗಳೂರು ಎಫ್‌ಸಿಗೆ ಎದುರಾಳಿ ಗೋವಾ. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ, ಹೆಚ್ಚುವರಿ ಆಟ ಶುರುವಾಯಿತು. 117ನೆಯ ನಿಮಿಷದಲ್ಲಿ ಒಂದು ಕಾರ್ನರ್, ರಾಹುಲ್ ಭೇಕೆಯ ತಲೆಗೆ ತಾಗಿ ಚೆಂಡು ಬಲೆಯೊಳಗೆ. ಆಟ ಮುಗಿಯಿತು, ಕಪ್ ಬೆಂಗಳೂರಿಗೆ ಬಂತು. ನೀವು ಬೈಯುವ ಆ ಸೊನ್ನೆಯೇ ಒಂದು ಗೋಲಿಗೆ ಅಷ್ಟು ತೂಕ ತಂದುಕೊಟ್ಟಿತು. ರಗ್ಬಿಯಲ್ಲಿ ಒಂದು ಟ್ರೈಗೆ, ಎಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ನೆಲಕ್ಕೆ ಮುಟ್ಟಿಸಿದ್ದಕ್ಕೆ, 5 ಅಂಕ, ಅದರ ಮೇಲೊಂದು ಒದೆತಕ್ಕೆ 2, ಪೆನಾಲ್ಟಿಗೆ 3. ಅಂಕ ಹರಿದುಬರುತ್ತದೆ, ಅದರ ಸೊಗಸೇ ಬೇರೆ. ಆದರೆ ಅಲ್ಲಿ ಬಲವಿದ್ದವನು ಗೆಲ್ಲುವುದೇ ಹೆಚ್ಚು. ಎಂಟು ಜನ ಎಂಟು ಜನರಿಗೆ ಹೆಗಲು ಕೊಟ್ಟು ತಳ್ಳುವ ಸ್ಕ್ರಮ್‌ನಲ್ಲಿ ಮೈತೂಕಕ್ಕೆ ಬೆಲೆ ಉಂಟು. 1911ರಲ್ಲಿ ಕಲ್ಕತ್ತೆಯಲ್ಲಿ ಐಎಫ್‌ಎ ಶೀಲ್ಡ್ ಎಂಬ ಫುಟ್‌ಬಾಲ್ ಪಂದ್ಯಾವಳಿಯ ಫೈನಲ್ ಆಡಿದ ಮೋಹನ್ ಬಾಗಾನ್ ತಂಡದಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಿನವರು. ಎದುರಿಗೆ ಬೂಟು ತೊಟ್ಟ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಸಿಪಾಯಿಗಳು. ಗೆದ್ದದ್ದು ಬರಿಗಾಲು, 2–1. ಅದೇ ಹನ್ನೊಂದು ಜನ ಅದೇ ಸಿಪಾಯಿಗಳ ಎದುರು ರಗ್ಬಿ ಆಡಿದ್ದರೆ ಏನಾಗುತ್ತಿತ್ತು ಎಂದು ನೀವೇ ಊಹಿಸಿ. ದುರ್ಬಲನಿಗೂ ಒಂದು ಗಳಿಗೆ ಬಾಗಿಲು ತೆರೆದಿಡುವ ಆಟ ಫುಟ್‌ಬಾಲ್. ಗೋಲುಗಳು ಅಪರೂಪವಾಗಿರುವುದರಿಂದಲೇ ಆ ಬಾಗಿಲು ತೆರೆದಿರುತ್ತದೆ.

ಹಾಗೆಂದು ಫುಟ್‌ಬಾಲಿನ ವಕಾಲತ್ತು ಕುರುಡಾಗಿ ಹಿಡಿಯಲಾರೆ. 1990ರ ವಿಶ್ವಕಪ್‌ನಲ್ಲಿ 52 ಪಂದ್ಯಗಳಿಗೆ ಬಿದ್ದದ್ದು 115 ಗೋಲು. ಗೆಲ್ಲುತ್ತಿರುವ ತಂಡ ಚೆಂಡನ್ನು ತನ್ನ ಗೋಲ್‌ಕೀಪರಿಗೇ ಹಿಂತಿರುಗಿಸುವುದು, ಗೋಲ್‌ಕೀಪರ್ ಅದನ್ನು ಕೈಯಲ್ಲಿ ಹಿಡಿದು ಹೊತ್ತು ಕಳೆಯುವುದು, ಹೀಗೇ ಸಾಗುತ್ತಿತ್ತು. ಸಹ ಆಟಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಮುಟ್ಟಕೂಡದೆಂಬ ನಿಯಮ 1992ರಲ್ಲಿ ಬಂದಿತು. ಆಟಕ್ಕೆ ಉಸಿರು ಬಂದಂತಾಯಿತು. ಈಗಲೂ ಬೇಸರದ ಪಂದ್ಯಗಳು ಬೇಕಾದಷ್ಟಿವೆ, ಚಾನೆಲ್ ಬದಲಿಸಿ ಮಲಗಿಬಿಡಿ. ಆದರೆ ರಗ್ಬಿಯಲ್ಲಿ ಎಡೆಬಿಡದ ಗುದ್ದಾಟ ಎಂದುಕೊಂಡಿದ್ದರೆ ಮುಂದಿನ ಸಲ ಗಡಿಯಾರ ನೋಡಿ. ಎಂಬತ್ತು ನಿಮಿಷದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಸ್ಕ್ರಮ್ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು.

ನಿಮ್ಮ ವಾದಕ್ಕೆ ನೂರೈವತ್ತು ವರ್ಷ ಮೀರಿದ ವಯಸ್ಸಾಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ. 1863ರಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ ಹಲವು ಕ್ಲಬ್ಬುಗಳು ಕೂಡಿ ಫುಟ್‌ಬಾಲಿಗೆ ನಿಯಮ ಬರೆಯಲು ಕುಳಿತವು. ಅಲ್ಲಿಯವರೆಗೆ ಎದುರಾಳಿಯ ಮೊಣಕಾಲ ಕೆಳಗಿನ ಮೂಳೆಗೆ ಬೂಟಿನಿಂದ ಒದೆಯುವುದು ಕೆಲವು ಕಡೆ ಆಟದ ಭಾಗವೇ ಆಗಿತ್ತು. ಅದನ್ನು ಕೈಬಿಡೋಣ ಎಂದಾಗ ಬ್ಲ್ಯಾಕ್‌ಹೀತ್ ಕ್ಲಬ್ಬಿನ ಕ್ಯಾಂಪ್‌ಬೆಲ್ ಸಿಟ್ಟಾದರು. ಒದೆತ ತೆಗೆದರೆ ಆಟದ ಕೆಚ್ಚೆಲ್ಲ ಹೋಗುತ್ತದೆ, ಒಂದು ವಾರ ಅಭ್ಯಾಸ ಮಾಡಿದ ಫ್ರೆಂಚರನ್ನು ಕರೆತಂದು ನಿಮ್ಮನ್ನು ಸೋಲಿಸಿ ತೋರಿಸುತ್ತೇನೆ ಎಂದರು. ಬ್ಲ್ಯಾಕ್‌ಹೀತ್ ಹೊರನಡೆಯಿತು. 1871ರಲ್ಲಿ ರಗ್ಬಿಯವರು ತಮ್ಮದೇ ಒಕ್ಕೂಟ ಕಟ್ಟಿಕೊಂಡರು, ಬ್ಲ್ಯಾಕ್‌ಹೀತ್ ಅದರಲ್ಲಿತ್ತು. ತಮಾಷೆಯೆಂದರೆ ಆ ಒಕ್ಕೂಟವೂ ತನ್ನ ನಿಯಮದಲ್ಲಿ ಮೊದಲು ಕಿತ್ತುಹಾಕಿದವುಗಳಲ್ಲಿ ಅದೇ ಒದೆತ ಒಂದು. ರಗ್ಬಿ ಇಂದಿಗೂ ಸಪ್ಪೆಯಾಗಿಲ್ಲ. ಫ್ರೆಂಚರು ಫುಟ್‌ಬಾಲ್ ವಿಶ್ವಕಪ್ ಗೆದ್ದದ್ದು 1998 ಮತ್ತು 2018ರಲ್ಲಿ. ಕ್ಯಾಂಪ್‌ಬೆಲ್ ಹೇಳಿದ ವಾರ ಸ್ವಲ್ಪ ಉದ್ದವಾಯಿತು, ಅಷ್ಟೇ.

ಇನ್ನು ‘ಗಂಡಸರ ಆಟ’ ಎಂಬ ನಿಮ್ಮ ಮಾತು. ಅದಕ್ಕೆ ಉತ್ತರ ಈ ಪುಟದ ಕೊನೆಯ ಪತ್ರದಲ್ಲಿದೆ.

ಪ್ರಶ್ನೆ: ಸರ್, ಫುಟ್‌ಬಾಲಿಗರು ಗಾಳಿ ಸೋಕಿದರೂ ಬಿದ್ದು ಹೊರಳಾಡುತ್ತಾರೆ. ರಗ್ಬಿಯವರು ಮೂಗು ಒಡೆದು ರಕ್ತ ಸುರಿಯುತ್ತಿದ್ದರೂ ಎದ್ದು ಓಡುತ್ತಾರೆ. ಇದಕ್ಕೇನೆನ್ನುತ್ತೀರಿ?
— ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ. 2018ರ ವಿಶ್ವಕಪ್‌ನಲ್ಲಿ ನೇಮರ್ ಉರುಳಿದ್ದನ್ನು ಕಂಡು ಲೋಕವೇ ನಕ್ಕಿತು. ನಾಟಕವಾಡಿ ಬಿದ್ದವನಿಗೆ ಹಳದಿ ಕಾರ್ಡ್ ತೋರಿಸಲು ನಿಯಮವಿದೆ, ತೋರಿಸುವ ಧೈರ್ಯ ಎಲ್ಲ ರೆಫರಿಗಳಿಗೂ ಇರುವುದಿಲ್ಲ. ಫುಟ್‌ಬಾಲ್ ರಗ್ಬಿಯಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಅಲ್ಲಿ ರೆಫರಿಯೊಡನೆ ಮಾತನಾಡುವುದು ನಾಯಕ ಮಾತ್ರ, ಆಳೆತ್ತರದ ದೈತ್ಯನೂ ‘ಸರ್’ ಎನ್ನುತ್ತಾನೆ. 2024ರ ಯೂರೋ ಕಪ್‌ನಲ್ಲಿ ಫುಟ್‌ಬಾಲೂ ಇದನ್ನು ತಂದಿತು, ಒಳ್ಳೆಯದಾಯಿತು. ಆದರೆ ರಗ್ಬಿಯವರೆಲ್ಲ ಸತ್ಯಹರಿಶ್ಚಂದ್ರರೆಂದು ನಂಬಬೇಡಿ. 2009ರಲ್ಲಿ ಲಂಡನ್ನಿನ ಹಾರ್ಲೆಕ್ವಿನ್ಸ್ ತಂಡದ ಆಟಗಾರನೊಬ್ಬ ನಕಲಿ ರಕ್ತದ ಗುಳಿಗೆಯನ್ನು ಬಾಯಲ್ಲಿ ಕಚ್ಚಿ, ರಕ್ತ ಸುರಿಯುವಂತೆ ನಟಿಸಿ ಮೈದಾನದಿಂದ ಹೊರಬಂದ. ಅವನ ಬದಲಿಗೆ, ಆಗಲೇ ಹೊರಹೋಗಿದ್ದ ಒಳ್ಳೆಯ ಒದೆಗಾರನನ್ನು ಒಳಗೆ ಕಳುಹಿಸಲು ಹೂಡಿದ ಆಟವದು. ನಮ್ಮ ವೃತ್ತಿ ನಾಟಕ ಕಂಪನಿಗಳಿಗೂ ಆ ಗುಳಿಗೆ ಹೊಳೆದಿರಲಿಕ್ಕಿಲ್ಲ.

ಪ್ರಶ್ನೆ: ನಮಸ್ಕಾರ. ಎಂಟನೆಯ ತರಗತಿಯ ನನ್ನ ಮಗಳು ಶಾಲೆಯ ಕಬಡ್ಡಿ ತಂಡದಲ್ಲಿದ್ದಾಳೆ. ಈಗ ರಗ್ಬಿ ಶಿಬಿರಕ್ಕೆ ಕಳುಹಿಸಿ ಎಂದು ಹಟ ಹಿಡಿದಿದ್ದಾಳೆ. ಅವರ ಅಪ್ಪನಿಗೆ ಒಪ್ಪಿಗೆಯಿಲ್ಲ, ಫುಟ್‌ಬಾಲ್ ಆಡಲಿ ಎನ್ನುತ್ತಾರೆ. ಅವಳಿಗೆ ಫುಟ್‌ಬಾಲ್ ಬೇಸರವಂತೆ. ಏನು ಮಾಡಲಿ?
— ಒಬ್ಬ ತಾಯಿ, ಜಗಳೂರು

ಉತ್ತರ: ತಾಯಿ, ಬೇಸರದ ಆಟವನ್ನು ಮಕ್ಕಳಿಗೆ ಕಷಾಯದ ಹಾಗೆ ಕುಡಿಸಲು ಹೋಗಬೇಡಿ. ನಮ್ಮ ದೇಶದಲ್ಲಿ ರಗ್ಬಿಯ ಹೆಸರು ಎತ್ತಿ ಹಿಡಿದವರಲ್ಲಿ ಒಡಿಶಾ, ಬಿಹಾರದ ಹಳ್ಳಿಗಳ ಹುಡುಗಿಯರಿದ್ದಾರೆ. 2019ರಲ್ಲಿ ಭಾರತದ ಮಹಿಳೆಯರು ಸಿಂಗಪುರವನ್ನು ಸೋಲಿಸಿ, ಹದಿನೈದು ಜನರ ರಗ್ಬಿಯಲ್ಲಿ ತಮ್ಮ ಮೊದಲ ಅಂತರರಾಷ್ಟ್ರೀಯ ಗೆಲುವು ಪಡೆದರು. ಶಿಬಿರಗಳಲ್ಲಿ ಹೆಚ್ಚಾಗಿ ಕಲಿಸುವುದು ಏಳು ಜನರ ಆಟ. ಏಳು ನಿಮಿಷದ ಎರಡು ಅವಧಿ, ಓಟವೇ ಪ್ರಧಾನ. ಒಲಿಂಪಿಕ್ಸ್‌ನಲ್ಲಿ 2016ರಿಂದ ಇರುವುದೂ ಇದೇ. ಕಬಡ್ಡಿಯಲ್ಲಿ ತೊಡೆ ಹಿಡಿಯಲು, ಕೆಳಗಿನಿಂದ ನುಗ್ಗಲು ಕಲಿತವಳಿಗೆ ರಗ್ಬಿಯ ಟ್ಯಾಕಲ್ ಅರ್ಧ ಬಂದಂತೆಯೇ.

ಆದರೆ ಪೆಟ್ಟಿನ ಮಾತನ್ನು ಮುಚ್ಚಿಡುವುದಿಲ್ಲ. 2003ರಲ್ಲಿ ಇಂಗ್ಲೆಂಡಿಗೆ ರಗ್ಬಿ ವಿಶ್ವಕಪ್ ಗೆದ್ದುಕೊಟ್ಟ ತಂಡದ ಸ್ಟೀವ್ ಥಾಂಪ್ಸನ್ ಅವರಿಗೆ ನಲವತ್ತರ ಆಸುಪಾಸಿನಲ್ಲೇ ಮರೆವಿನ ಕಾಯಿಲೆ ಬಂದಿತು. ಆ ಕಪ್ ಗೆದ್ದದ್ದೇ ತಮಗೆ ನೆನಪಿಲ್ಲ ಎಂದು ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಫುಟ್‌ಬಾಲ್ ಆಡಿಸಿದರೆ ನಿಶ್ಚಿಂತೆ ಎಂದು ಮಗುವಿನ ತಂದೆ ತಿಳಿದಿದ್ದರೆ ಅದೂ ಪೂರ್ತಿ ನಿಜವಲ್ಲ. ಚೆಂಡನ್ನು ತಲೆಯಿಂದ ಹೊಡೆಯುವುದರಲ್ಲಿ ಹೆಸರಾಗಿದ್ದ ಇಂಗ್ಲೆಂಡಿನ ಜೆಫ್ ಆಸ್ಟಲ್ 2002ರಲ್ಲಿ ತೀರಿಕೊಂಡಾಗ, ವರ್ಷಗಟ್ಟಲೆ ಭಾರದ ಚೆಂಡಿಗೆ ತಲೆ ಕೊಟ್ಟದ್ದೇ ಕಾರಣವೆಂದು ಅಲ್ಲಿನ ಮರಣ ವಿಚಾರಣೆ ಹೇಳಿತು.

ಆದ್ದರಿಂದ ಆಟದ ಹೆಸರು ಕೇಳಿ ತೀರ್ಮಾನಿಸಬೇಡಿ, ಕಲಿಸುವವರನ್ನು ನೋಡಿ. ಶಿಬಿರಕ್ಕೆ ನೀವೇ ಹೋಗಿ ಅರ್ಧ ಗಂಟೆ ನಿಲ್ಲಿ. ಮೊದಲ ದಿನವೇ ಮಕ್ಕಳನ್ನು ಗುದ್ದಾಡಲು ಬಿಟ್ಟರೆ ಮಗಳನ್ನು ಮನೆಗೆ ಕರೆತನ್ನಿ. ಮೊದಲು ಮುಟ್ಟಾಟದ ರಗ್ಬಿ ಆಡಿಸಬೇಕು, ಮೊಣಕಾಲೂರಿಕೊಂಡು ಟ್ಯಾಕಲ್ ಕಲಿಸಬೇಕು, ಬೀಳುವುದನ್ನೂ ಕಲಿಸಬೇಕು. ಹಿಡಿಯುವವಳ ತಲೆ ಓಡುವವಳ ಮೊಣಕಾಲಿಗೆ ಸಿಗದಂತೆ ಅವಳ ಹಿಂಬದಿಗೆ ಇರಬೇಕು. ಇದನ್ನು ಪ್ರತಿ ಮಗುವಿಗೂ ಬಗ್ಗಿ ತೋರಿಸಿಕೊಡುವ ತರಬೇತುದಾರರಾದರೆ ನಂಬಬಹುದು. ಹಲ್ಲಿಗೆ ಹಾಕಿಕೊಳ್ಳುವ ಕವಚವನ್ನು ಕೊಡಿಸಿ. ಕೊನೆಗೆ ಒಂದು ಪ್ರಶ್ನೆ ಕೇಳಿ: ತಲೆಗೆ ಪೆಟ್ಟಾದ ಮಗುವನ್ನು ನೀವೇನು ಮಾಡುತ್ತೀರಿ? ಆ ದಿನ ಮತ್ತೆ ಆಡಿಸುವುದಿಲ್ಲ, ವೈದ್ಯರು ಹೇಳುವವರೆಗೆ ಮೈದಾನಕ್ಕೆ ಇಳಿಸುವುದಿಲ್ಲ ಎಂದರೆ ಹೆಸರು ಬರೆಸಿ ಬನ್ನಿ. ನೀರು ಚಿಮುಕಿಸಿ ಎಬ್ಬಿಸುತ್ತೇವೆ ಎಂದರೆ ಸದ್ಯಕ್ಕೆ ಕಬಡ್ಡಿಯೇ ಇರಲಿ. ಅಲ್ಲಿ ಮೊಣಕಾಲಿನ ಕಥೆ ಬೇರೆ ಇದೆ, ಅದಕ್ಕೆ ಇನ್ನೊಂದು ಪತ್ರ ಬರೆಯಿರಿ.