ಪುಟ ಕಟ್ಟುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಜ್ಜ ಬರೆದ ಯಕ್ಷಗಾನ ಪ್ರಸಂಗವೊಂದನ್ನು ಪುಸ್ತಕವಾಗಿ ತರಬೇಕೆಂದಿದ್ದೇನೆ. ಹಿಂದೆ ಉಡುಪಿಯ ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ ಕಡತ ಇದೆ. ಪುಟವಿನ್ಯಾಸವನ್ನು ಮನೆಯ ಕಂಪ್ಯೂಟರಿನಲ್ಲಿ ನಾನೇ ಮಾಡುವ ಆಸೆ. ಅಂಗಡಿಯವರು ಪೇಜ್‌ಮೇಕರ್ ಹಾಕಿಕೊಡುತ್ತೇವೆ ಎನ್ನುತ್ತಾರೆ, ಮಗ ಇನ್‌ಡಿಸೈನ್ ಎನ್ನುತ್ತಾನೆ. ಯಾವುದು ಒಳ್ಳೆಯದು?
— ನಿವೃತ್ತ ಶಿಕ್ಷಕಿ, ಕಾಪು

ಉತ್ತರ: ಪೇಜ್‌ಮೇಕರ್ ಖಂಡಿತ ಬೇಡ. 1985ರಲ್ಲಿ ಹುಟ್ಟಿದ ಆ ತಂತ್ರಾಂಶದ ಏಳನೆಯ ಆವೃತ್ತಿ 2001ರಲ್ಲಿ ಬಂದದ್ದೇ ಕೊನೆ. ಇಂದಿನ ಕಂಪ್ಯೂಟರುಗಳೆಲ್ಲ ಒಪ್ಪುವ ಅಕ್ಷರಸಂಕೇತವಾದ ಯೂನಿಕೋಡ್ ಕನ್ನಡ ಅದಕ್ಕೆ ಗೊತ್ತಿಲ್ಲ. ನಮ್ಮ ಕಡೆ ಅದು ಇನ್ನೂ ಉಸಿರಾಡುತ್ತಿರುವುದು ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣಗಳ ದೆಸೆಯಿಂದ. ಅಂಗಡಿಯವರು ಹಾಕಿಕೊಡುವ ಪ್ರತಿಗೆ ಯಾರಾದರೂ ದುಡ್ಡು ಕೊಟ್ಟಿದ್ದಾರೆಯೇ ಎಂದು ಕೇಳಿ ನೋಡಿ, ಉತ್ತರ ನಗುವಾಗಿರುತ್ತದೆ.

ಇನ್‌ಡಿಸೈನ್ ಬಗ್ಗೆ ನಾನು ಕೆಟ್ಟದ್ದು ಹೇಳಲಾರೆ, ನನ್ನ ಅನ್ನ ಅದರಲ್ಲೇ ಇದೆ. ಆದರೆ ಅದಕ್ಕೆ ಬಾಡಿಗೆ ಕಟ್ಟುತ್ತಲೇ ಇರಬೇಕು. ಒಂದು ಪ್ರಸಂಗಕ್ಕಾಗಿ ಅಷ್ಟು ಖರ್ಚು ಯಾಕೆ? ಮಗ ಹಟ ಹಿಡಿದರೆ ಒಂದು ಮಾತು ಹೇಳಿ: ಪ್ಯಾರಾಗ್ರಾಫ್ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸದಿದ್ದರೆ ಅಲ್ಲೂ ಒತ್ತಕ್ಷರಗಳು ಚದುರಿ ಬೀಳುತ್ತವೆ.

ತಂತ್ರಾಂಶಕ್ಕಿಂತ ಮೊದಲು ನಿಮ್ಮ ಕಡತವನ್ನು ನೋಡಬೇಕು. ಅದು ಹಳೆಯ ನುಡಿ ಫಾಂಟಿನಲ್ಲಿದ್ದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಫಾಂಟು ತೆಗೆದುಬಿಟ್ಟರೆ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳೂ ನಡುನಡುವೆ ಪೌಂಡ್ ಚಿಹ್ನೆಯೂ ಕಾಣಿಸುತ್ತವೆ. ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ. ನುಡಿಯಲ್ಲೂ ‘ಬರಹ’ ತಂತ್ರಾಂಶದಲ್ಲೂ ಅದಕ್ಕೆ ಸೌಲಭ್ಯವಿದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತಿನ ಮೇಲೆ ಕಣ್ಣಿಡಿ. ಹಳೆಯ ಕಡತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಕುಳಿತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲೇ ಬರಬೇಕು. ಈ ಸ್ಥಾನಪಲ್ಲಟ ತಪ್ಪಿದಲ್ಲಿ ಅರ್ಜುನ ‘ಅಜುರ್ನ’ನಾಗುತ್ತಾನೆ, ವರ್ಷ ‘ವಷರ್’ ಆಗುತ್ತದೆ. ಪ್ರಸಂಗ ಮಹಾಭಾರತದ್ದಾದರೆ ನಿಮಗೆ ಕೆಲಸ ಜಾಸ್ತಿ.

ಇದಾದ ಮೇಲೆ ಲಿಬ್ರೆಆಫೀಸ್ ರೈಟರ್ ಎಂಬ ಬರವಣಿಗೆಯ ತಂತ್ರಾಂಶ ಸಾಕು. ಉಚಿತ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಆಪ್ಷನ್ಸ್‌ನಲ್ಲಿ ಭಾಷೆಯ ಪುಟಕ್ಕೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎದುರು ಕನ್ನಡ ಆರಿಸಿ. ಸ್ಟೈಲ್ (ಅಕ್ಷರ, ಅಂಚುಗಳ ಹೊಂದಿಕೆಗೆ ಹೆಸರಿಟ್ಟು ಉಳಿಸಿದ್ದು) ಮಾಡುವಾಗ ಫಾಂಟಿನ ಆಯ್ಕೆ ಇಂಗ್ಲಿಷಿಗೆ ಬೇರೆ, ಕನ್ನಡಕ್ಕೆ ಬೇರೆ ಇರುತ್ತದೆ. ಇಂಗ್ಲಿಷಿನದನ್ನು ಮಾತ್ರ ಬದಲಿಸಿ ‘ಅಕ್ಷರ ದೊಡ್ಡದಾಗುತ್ತಲೇ ಇಲ್ಲ’ ಎಂದು ಫೋನ್ ಮಾಡುವವರು ಬಹಳ ಮಂದಿ. ನೋಟೋ ಸೆರಿಫ್ ಕನ್ನಡ ಫಾಂಟು ಪುಸ್ತಕಕ್ಕೆ ಚೆನ್ನಾಗಿ ಒಪ್ಪುತ್ತದೆ.

ನಿಮ್ಮ ನಿಜವಾದ ತಲೆನೋವು ಪದ್ಯಗಳದ್ದು. ಭಾಮಿನಿ ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲುಗಳು 23 ಮಾತ್ರೆ, ಉಳಿದವು 14. ವಾರ್ಧಕ ಷಟ್ಪದಿಯಲ್ಲಿ ಉಳಿದವು 20 ಮಾತ್ರೆಯಾದರೆ ಆ ಎರಡು ಸಾಲುಗಳು 32. ಪುಸ್ತಕಗಳ ಸಾಮಾನ್ಯ ಅಳತೆಯಾದ ಡೆಮಿ 1/8 ಪುಟದ ಅಗಲ ಐದೂವರೆ ಇಂಚು. ಅಂಚು ಬಿಟ್ಟರೆ 12 ಪಾಯಿಂಟಿನಲ್ಲಿ ವಾರ್ಧಕದ ಉದ್ದ ಸಾಲು ಮುರಿದು ಕೆಳಗೆ ಬೀಳಬಹುದು. ಆದ್ದರಿಂದ ಪದ್ಯಕ್ಕೊಂದು, ರಾಗ-ತಾಳದ ಹೆಸರಿಗೊಂದು, ಅರ್ಥಕ್ಕೊಂದು (ಪದ್ಯದ ನಂತರದ ಗದ್ಯದ ಮಾತಿಗೆ) ಎಂದು ಬೇರೆ ಬೇರೆ ಸ್ಟೈಲ್ ಮಾಡಿ. ಪದ್ಯದ ಸ್ಟೈಲಿನಲ್ಲಿ ಮುರಿದ ತುಂಡು ತುಸು ಒಳಗೆ ಸರಿದು ನಿಲ್ಲುವಂತೆ ಹೊಂದಿಸಿ. ಕೊನೆಗೆ ಅಕ್ಷರವನ್ನು 11 ಪಾಯಿಂಟಿಗೆ ಇಳಿಸಬೇಕೆನಿಸಿದರೆ ಒಂದೇ ಕಡೆ ತಿದ್ದಿದರೆ ಆಯಿತು. ಸ್ಪೇಸ್ ಬಾರ್ ಒತ್ತಿ ಒತ್ತಿ ಸಾಲು ಸರಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ರೈಟರ್ ಕಡತವನ್ನು ತಾನಾಗಿ ಉಳಿಸುವ ಅವಧಿಯನ್ನು ಹತ್ತು ನಿಮಿಷದಿಂದ ಎರಡಕ್ಕೆ ಇಳಿಸಿ. ಅಕ್ಟೋಬರಿನ ಸಂಜೆ ಗುಡುಗು ಶುರುವಾದರೆ ಕರೆಂಟು ಹೇಳಿ ಹೋಗುವುದಿಲ್ಲ.

ಒಳಪುಟಗಳು ಕಪ್ಪು ಶಾಯಿಯವಾದರೆ ರೈಟರ್‌ನ ಪಿಡಿಎಫ್ ಸಾಕು. ಬಣ್ಣದ ಮುಖಪುಟವನ್ನು ಸ್ಕ್ರೈಬಸ್‌ನಲ್ಲಿ ಮಾಡಿ. ಅದೂ ಉಚಿತ, ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕ ಅದಕ್ಕೆ ಗೊತ್ತು. 2024ರಲ್ಲಿ ಬಂದ 1.6 ಅಥವಾ ನಂತರದ ಆವೃತ್ತಿಯನ್ನೇ ಹಾಕಿಕೊಳ್ಳಿ, 1.4ರಲ್ಲಿ ಕನ್ನಡ ಕೂಡಿಕೊಳ್ಳುವುದಿಲ್ಲ.

ಪ್ರಶ್ನೆ: ಕನ್ನಡದಲ್ಲಿ ಗಣಿತದ ಟಿಪ್ಪಣಿ ಬರೆಯುತ್ತಿದ್ದೇನೆ. ಸಮೀಕರಣಗಳು ರೈಟರ್‌ನಲ್ಲಿ ಅಂದಗೆಡುತ್ತವೆ.
— ಉಪನ್ಯಾಸಕ, ಸುರತ್ಕಲ್

ಉತ್ತರ: ನಿಮಗೆ ಝೀಲಾಟೆಕ್, ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದ ಬಳಗದ್ದು. ತಮ್ಮ ಪುಸ್ತಕದ ಹೊಸ ಮುದ್ರಣದ ಅಕ್ಷರ ಹಿಡಿಸದೆ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ 1977ರಲ್ಲಿ ಟೆಕ್ ಕಟ್ಟಲು ಕುಳಿತರು. ಗಣಿತಕ್ಕೆ ಅದರ ಸಾಟಿ ಇಲ್ಲ. ಝೀಲಾಟೆಕ್‌ನ ಒಳಗಿರುವ, ಟೆಕ್‌ನ ಹೊಸ ರೂಪವಾದ ಝೀಟೆಕ್ ಬಂದ ಮೇಲೆ ಯೂನಿಕೋಡ್ ಫಾಂಟುಗಳನ್ನು ನೇರವಾಗಿ ಬಳಸಬಹುದು. ಫಾಂಟಿನ ಹೆಸರಿನ ಜೊತೆ ಲಿಪಿ ಕನ್ನಡ ಎಂದು ತಪ್ಪದೆ ನಮೂದಿಸಿ. ಕಲಿಯುವ ತನಕ ಸಿಟ್ಟು ಬರಿಸುತ್ತದೆ, ಅಷ್ಟೇ.

ಪ್ರಶ್ನೆ: ‘ಸ್ಟೇಟ್‌ಬ್ಯಾಂಕ್’ ಎಂದು ಬರೆದರೆ ‘ಸ್ಟೇಟ್ಬ್ಯಾಂಕ್’ ಎಂದು ಅಂಟಿಕೊಳ್ಳುತ್ತದೆ.
— ಓದುಗರು, ಮಂಗಳೂರು

ಉತ್ತರ: ನಡುವೆ ಕಣ್ಣಿಗೆ ಕಾಣದ ಒಂದು ತಡೆ ಇಡಬೇಕು. ರೈಟರ್‌ನಲ್ಲಿ 200C ಎಂದು ಬರೆದು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಝೀರೋ ವಿಡ್ತ್ ನಾನ್ ಜಾಯಿನರ್’ ಎಂಬ ಈ ತಡೆ ಬರುತ್ತದೆ. ‘ಟ್’ ಬರೆದ ಮೇಲೆ, ‘ಬ್ಯಾ’ ಬರೆಯುವ ಮೊದಲು ಅದನ್ನು ಸೇರಿಸಿ.