ಫ್ರಿಜ್ ಹಿಂದಿನ ಚೀಟಿಯಿಂದ ಶುರು ಮಾಡಿ

ಪತ್ರ: ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ ಇದ್ದೇನೆ. ‘ಜಗತ್ತಿನ ಪರಿಸರ ಸಮಸ್ಯೆಗಳು’ ಅಂತ ಒಂದು ದಿನದ ಜಾಗೃತಿ ಕಾರ್ಯಕ್ರಮ ಮಾಡಬೇಕು, ನೀವೂ ಕೈಜೋಡಿಸಿ ಎಂದು ಹೆಡ್‌ಮಾಸ್ಟರ್ ಕೇಳಿದ್ದಾರೆ. ಭೂಮಿ ಬಿಸಿಯಾಗುವುದು, ಓಝೋನ್, ಪ್ಲಾಸ್ಟಿಕ್, ಕಾಡುನಾಶ ಹೀಗೆ ಹತ್ತು ವಿಷಯಗಳ ಪಟ್ಟಿ ಇದೆ. ಭಾಷಣ, ಚಿತ್ರಸ್ಪರ್ಧೆ, ಜಾಥಾ ಆಗಬೇಕಂತೆ. ನಾನು ಓದಿದ್ದು ಪಿಯುಸಿ. ಜಗತ್ತಿನ ಸಮಸ್ಯೆ ಬಗ್ಗೆ ಮಕ್ಕಳಿಗೆ ನಾನೇನು ಹೇಳಲಿ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ: ನಿಮ್ಮ ಕೊನೆಯ ಸಾಲು ಓದಿ ಉದ್ದಕ್ಕೇ ಉತ್ತರ ಬರೆಯಬೇಕು ಅನ್ನಿಸಿತು. ಪಿಯುಸಿ ಸಾಕು ತಾಯಿ. ಮನೆಯಲ್ಲಿ ಒಂದು ಫ್ರಿಜ್ ಇದ್ದರೆ ಇನ್ನೂ ಒಳ್ಳೆಯದು. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಪಟ್ಟಿ. ಹತ್ತು ವಿಷಯ ಬೇಡ, ಒಂದೇ ಹಿಡಿಯಿರಿ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಶಾಲಾ ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹದಿನಾಲ್ಕು ಮಕ್ಕಳು ಬಾಯಿಪಾಠ ಮಾಡಿದ ಭಾಷಣ ಒಪ್ಪಿಸಿದರು. ಎಲ್ಲದರಲ್ಲೂ ವಿನಾಶದ ಮಾತೇ. ಊಟದ ಹೊತ್ತಿಗೆ ಆರನೇ ಕ್ಲಾಸಿನ ಒಬ್ಬ ಹುಡುಗಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಸರ್, ಓಝೋನ್‌ಗೆ ತೂತು ಬಿದ್ದಿದೆಯಲ್ಲ, ಅದನ್ನ ಯಾರೂ ಹೊಲಿಯಲ್ವಾ?” ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಆ ತೂತು ಮುಚ್ಚಿಕೊಳ್ಳುತ್ತಾ ಇದೆ ಅನ್ನೋ ಮಾತು ಹದಿನಾಲ್ಕು ಭಾಷಣಗಳಲ್ಲಿ ಒಂದರಲ್ಲೂ ಬಂದಿರಲಿಲ್ಲ.

ಅದಕ್ಕೇ ಓಝೋನ್ ವಿಷಯ ತಗೊಳ್ಳಿ ಅನ್ನುತ್ತೇನೆ. ಜಗತ್ತೆಲ್ಲ ಕೂಡಿ ಮಾಡಿದ ತಪ್ಪನ್ನು ಜಗತ್ತೆಲ್ಲ ಕೂಡಿ ತಿದ್ದಿಕೊಂಡ ಕತೆ ಅದು. ಮಕ್ಕಳಿಗೆ ಮೊದಲು ಅದು ಗೊತ್ತಾಗಲಿ. ಉಳಿದ ಒಂಬತ್ತು ವಿಷಯ ಮುಂದಿನ ವರ್ಷಗಳಿಗೆ ಇರಲಿ. ದಿನಾಂಕ ಸೆಪ್ಟೆಂಬರ್ 16 ಇಟ್ಟುಕೊಳ್ಳಿ, ಅದು ವಿಶ್ವ ಓಝೋನ್ ದಿನ. ಅಂಟಾರ್ಕ್ಟಿಕಾದ ಮೇಲೆ ಆ ತೂತು ದೊಡ್ಡದಾಗುವುದೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ.

ತೂತು ಅಂದರೆ ಏನು ಅಂತ ತೋರಿಸಲು ಒಂದು ರೂಪಾಯಿಯ ಎರಡು ನಾಣ್ಯ ಸಾಕು. ಒಂದರ ಮೇಲೊಂದು ಇಡಿ. ಸುಮಾರು ಮೂರು ಮಿಲಿಮೀಟರ್ ಆಗುತ್ತದೆ. ನಮ್ಮ ತಲೆಯ ಮೇಲೆ ಬಲು ಎತ್ತರದಲ್ಲಿ ಹರಡಿರುವ ಓಝೋನ್ ಅನಿಲ ಪೂರ್ತಿಯನ್ನು ಕೆಳಗಿಳಿಸಿ, ನೆಲದ ಮಟ್ಟದ ಒತ್ತಡದಲ್ಲಿ ಹರಡಿದರೆ ಅಷ್ಟೇ ದಪ್ಪ! ಚರ್ಮ, ಕಣ್ಣಿಗೆ ಹಾನಿ ಮಾಡುವ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುತ್ತಿರುವುದು ಅಷ್ಟೇ. ಈಗ ಒಂದು ನಾಣ್ಯ ತೆಗೆಯಿರಿ. ತೂತು ಜೋರಾಗಿರುವ ದಿನಗಳಲ್ಲಿ ಅಂಟಾರ್ಕ್ಟಿಕಾದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಇಷ್ಟು. ಪೂರ್ತಿ ಖಾಲಿಯಲ್ಲ, ಹಳೇ ಸೀರೆ ಸವೆದು ತೆಳ್ಳಗಾದ ಹಾಗೆ. ನಾಣ್ಯವನ್ನು ಮಕ್ಕಳೇ ಎತ್ತಲಿ, ಅಳೆಯಲಿ.

ಸವೆಸಿದ್ದು ಯಾರು? ಆಗಿನ ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿದ್ದ ಸಿಎಫ್‌ಸಿ ಅನಿಲಗಳು. ಬೆಂಕಿ ಹತ್ತುವುದಿಲ್ಲ, ವಿಷವಲ್ಲ ಅಂತ ಎಲ್ಲರೂ ಮೆಚ್ಚಿದ್ದ ಅನಿಲಗಳು. ಅವು ಕೆಡದೆ ಮೇಲಕ್ಕೇರಿ, ಅಲ್ಲಿನ ಬಿಸಿಲಿಗೆ ಒಡೆದು ಕ್ಲೋರಿನ್ ಬಿಡುತ್ತವೆ, ಆ ಕ್ಲೋರಿನ್ ಓಝೋನ್ ಒಡೆಯುತ್ತದೆ ಎಂದು 1974ರಲ್ಲಿ ವಿಜ್ಞಾನಿಗಳಾದ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಎಚ್ಚರಿಸಿದರು. 1985ರಲ್ಲಿ ಬ್ರಿಟನ್ನಿನ ಜೋ ಫಾರ್ಮನ್ ಮತ್ತು ಇಬ್ಬರು ಜೊತೆಗಾರರು ಅಂಟಾರ್ಕ್ಟಿಕಾದಲ್ಲಿ ವರ್ಷಗಟ್ಟಲೆ ತೆಗೆದ ಅಳತೆಗಳನ್ನು ಮುಂದಿಟ್ಟು, ಅಲ್ಲಿ ಓಝೋನ್ ಸವೆಯುತ್ತಿದೆ ಅಂತ ತೋರಿಸಿದರು. ಎರಡೇ ವರ್ಷ. 1987ರ ಸೆಪ್ಟೆಂಬರ್ 16ಕ್ಕೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಇಂಥ ಅನಿಲಗಳನ್ನು ಕಡಿಮೆ ಮಾಡುವ ಒಪ್ಪಂದವಾಯಿತು. ಭಾರತ ಸೇರಿದ್ದು 1992ರಲ್ಲಿ. ಇವತ್ತು ಜಗತ್ತಿನ ಎಲ್ಲ ದೇಶಗಳೂ ಅದರಲ್ಲಿವೆ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಹೊಲಿಯುವ ಕೆಲಸ ಸೂರ್ಯನದೇ. ಬಿಸಿಲು ತಾಗಿದ ಆಮ್ಲಜನಕದಿಂದಲೇ ಮೇಲೆ ಓಝೋನ್ ಹುಟ್ಟುತ್ತಾ ಇರುತ್ತದೆ. ನಾವು ಹರಿಯುವುದನ್ನು ನಿಲ್ಲಿಸಬೇಕಿತ್ತು, ಬಹುಮಟ್ಟಿಗೆ ನಿಲ್ಲಿಸಿದ್ದೇವೆ. ಹಳೇ ಅನಿಲ ಇನ್ನೂ ಮೇಲಿದೆ, ಹಾಗಾಗಿ ತಡವಾಗುತ್ತಿದೆ. ಅಂಟಾರ್ಕ್ಟಿಕಾದ ಮೇಲೆ 1980ರಲ್ಲಿದ್ದ ಸ್ಥಿತಿ ಮರಳುವುದು 2066ರ ಸುಮಾರಿಗೆ ಅಂತ ವಿಜ್ಞಾನಿಗಳ ಅಂದಾಜು. ಇವತ್ತಿನ ಎಂಟನೇ ಕ್ಲಾಸಿನ ಮಕ್ಕಳಿಗೆ ಆಗ ಐವತ್ತು ದಾಟಿರುತ್ತದೆ.

ಈಗ ಫ್ರಿಜ್ ವಿಚಾರ. ಒಂದು ವಾರ ಮೊದಲೇ ಮಕ್ಕಳಿಗೆ ಕೆಲಸ ಕೊಡಿ. ಫ್ರಿಜ್‌ನ ಹಿಂದೆ ಅಥವಾ ಒಳಗಡೆ ಒಂದು ಚೀಟಿ ಅಂಟಿಸಿರುತ್ತಾರೆ. ದೊಡ್ಡವರ ಜೊತೆ ನಿಂತು ಅದರಲ್ಲಿರುವ ಅನಿಲದ ಹೆಸರು ಬರೆದುಕೊಂಡು ಬರಲಿ. ಸಾಮಾನ್ಯವಾಗಿ ಆರ್-134ಎ ಅಥವಾ ಆರ್-600ಎ ಅಂತ ಇರುತ್ತದೆ. ಮನೆಯಲ್ಲಿ ಇಲ್ಲದವರು ಕಿರಾಣಿ ಅಂಗಡಿಯ ಫ್ರಿಜ್ ನೋಡಲಿ. ಎರಡೂ ಅನಿಲಗಳು ಓಝೋನ್ ತಂಟೆಗೆ ಹೋಗುವುದಿಲ್ಲ. ಆದರೆ 134ಎ ಹೊರಬಿದ್ದರೆ, ತೂಕಕ್ಕೆ ತೂಕ ನೋಡಿದಾಗ, ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಇಂಥ ಅನಿಲಗಳನ್ನು ಕಡಿಮೆ ಮಾಡಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಿದವು. 600ಎಯಿಂದ ಆ ತೊಂದರೆ ತೀರಾ ಕಡಿಮೆ, ಆದರೆ ಅದು ಬೆಂಕಿಗೆ ಹತ್ತುತ್ತದೆ. ಓಝೋನ್ ತೂತಿನಿಂದಲೇ ಭೂಮಿ ಬಿಸಿಯಾಗುತ್ತಿದೆ ಅಂತ ತುಂಬ ಜನ ತಿಳಿದಿದ್ದಾರೆ. ಅವು ಬೇರೆ ಬೇರೆ ಸಮಸ್ಯೆಗಳು. ಈ ಚೀಟಿ ಮುಂದಿಟ್ಟುಕೊಂಡು ಹೇಳಿದರೆ ಗೊಂದಲ ಬಿಡಿಸುವುದು ಸುಲಭ.

ಅವತ್ತು ಮುಖ್ಯ ಅತಿಥಿಯಾಗಿ ನಿಮ್ಮೂರಿನ ಫ್ರಿಜ್ ರಿಪೇರಿ ಮಾಡುವವರನ್ನು ಕರೆಯಿರಿ. ಹೊಸ ಫ್ರಿಜ್‌ಗೂ ಹಳೇದಕ್ಕೂ ಏನು ವ್ಯತ್ಯಾಸ, ಅನಿಲ ಸೋರುವುದು ಎಲ್ಲಿಂದ, ಗುಜರಿಗೆ ಹೋದ ಫ್ರಿಜ್‌ನ ಅನಿಲ ಏನಾಗುತ್ತದೆ ಅಂತ ಮಕ್ಕಳು ಅವರನ್ನೇ ಕೇಳಲಿ. ಶಾಲೆಯಲ್ಲಿ ಅನಿಲದ ಸಿಲಿಂಡರ್ ಬಿಚ್ಚುವುದು ಮಾತ್ರ ಬೇಡ.

ಜಾಥಾ ಬೇಕೇ ಬೇಕು ಅಂದರೆ ಅರ್ಧ ಗಂಟೆ, ಬಿಸಿಲೇರುವ ಮುಂಚೆ. ಫ್ಲೆಕ್ಸ್, ಥರ್ಮಾಕೋಲ್ ಬೇಡ, ಹಳೇ ಕ್ಯಾಲೆಂಡರ್‌ಗಳ ಹಿಂಬದಿ ಸಾಕು. ಭಾಷಣ ಮಾಡುವ ಮಕ್ಕಳು ತಾವು ಕಂಡ ಚೀಟಿಯ ಬಗ್ಗೆ ತಮ್ಮ ಮಾತಿನಲ್ಲೇ ಹೇಳಲಿ. ತಡವರಿಸಿದರೂ ಪರವಾಗಿಲ್ಲ.

ಎಷ್ಟು ಮನೆಯಲ್ಲಿ 134ಎ, ಎಷ್ಟು ಮನೆಯಲ್ಲಿ 600ಎ ಎಂದು ಮಕ್ಕಳು ಬರೆದ ಚಾರ್ಟಿನ ಫೋಟೋ ನಮಗೆ ಕಳಿಸಿ. ಅಕ್ಟೋಬರ್ ಸಂಚಿಕೆಯಲ್ಲಿ ಅದಕ್ಕೆ ಒಂದು ಪುಟ ಇಟ್ಟಿರುತ್ತೇನೆ.